ಕೆಂಡದಲ್ಲಿ ಸುಟ್ಟ ಸಕ್ಕರೆ

"ಹಾಲಿಗೆ ಎಷ್ಟು ನೀರು ಬೆರೆಸಿದ್ದೀರಿ?"

ಕ್ಯಾನಿನ ಮುಚ್ಚಳ ತೆಗೆದವಳೇ ನಿಮಿಯಾ ಗದರಿದಳು. ಕಾಸಾಪಾ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಕಣ್ಣುಗಳು ಉರಿಯುತ್ತಿದ್ದವು.

ಗೇಟಿನಾಚೆ ನಿಂತಿದ್ದ ಹೊಸ ಹಾಲಿನವನು ಡೆರ್ಲಿಸ್ ನಕ್ಕುಬಿಟ್ಟ.

"ನೀರು ಕುಡಿಯೋದು ಹಸು ಕಣ್ರೀ, ಹಾಲಲ್ಲ! ಮೊದ್ಲು ಹೋಗಿ ಮಲಗಿ. ನಿಂತಲ್ಲೇ ತೂಗಾಡ್ತಿದ್ದೀರಿ."

ಎಷ್ಟು ಕೊಬ್ಬು ಇವನಿಗೆ! ಆದರೆ... 'ಮಲಗು' ಎಂದು ಅವಳಿಗೆ ಯಾರಾದರೂ ಹೇಳಿ ವರ್ಷಗಳೇ ಆಗಿದ್ದವು.

ಮನೆಯಲ್ಲಿ ಮರೆವಿನ ಕಾಯಿಲೆಯ ತಾಯಿ ಲಿಬ್ರಾದಾ. ರಾತ್ರಿ ಪಕ್ಕದ ಮನೆಯವರು ಬಂದು ಜೊತೆಗೆ ಮಲಗುತ್ತಿದ್ದರು. ಬೆಳಿಗ್ಗೆ ಹಾಲು ಹಾಕಿದ ಕೊಸಿದೊ ಕಷಾಯ ಕುಡಿಸದಿದ್ದರೆ ಆಕೆ ಬೇರೇನೂ ಮುಟ್ಟುತ್ತಿರಲಿಲ್ಲ. ದಿನ ಕಳೆದಂತೆ ಡೆರ್ಲಿಸ್ ಒಳಗೇ ಬಂದು ಇದ್ದಿಲು ಹೊತ್ತಿಸಿಕೊಡತೊಡಗಿದ. ನಿಮಿಯಾಳ ದಣಿದ ಮುಖದಲ್ಲಿ ನಗು ಕಾಣಿಸತೊಡಗಿತು.

ಚಳಿಗಾಲ ಶುರುವಾಗುತ್ತಿದ್ದಂತೆ ಎಲ್ಲ ನಿಂತಿತು. ಅವಳು ಬರುವ ಮೊದಲೇ ಹಾಲು ಗೇಟಿನ ಬಳಿ ಇಟ್ಟು ಹೋಗಿರುತ್ತಿದ್ದ. ಒಂದು ದಿನ ದಾರಿಯಲ್ಲೇ ಅಡ್ಡ ನಿಂತು ಕೇಳಿದಳು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ. ನಿಮ್ಗೆ ಒಳ್ಳೇದಾಗ್ಲಿ." ಅಷ್ಟೇ ಹೇಳಿ ಕುದುರೆಗಾಡಿ ಹೊಡೆದುಕೊಂಡು ಹೊರಟೇಹೋದ.

ರೋಗಿಯಿರುವ ಮನೆ... ಅವನಿಗೂ ಸಾಕಾಗಿದೆ. ಅಳುವುದಕ್ಕೂ ಅವಳಲ್ಲಿ ತ್ರಾಣ ಇರಲಿಲ್ಲ.

ಮತ್ತೊಂದು ಮುಂಜಾನೆ ಅವಳು ಬಂದಾಗ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಓಡಿದಳು.

ಡೆರ್ಲಿಸ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಪಾತ್ರೆಯಲ್ಲಿದ್ದ ಯೆರ್ಬಾ ಎಲೆಪುಡಿ, ಸಕ್ಕರೆಯ ಮೇಲೆ ನಿಗಿನಿಗಿ ಕೆಂಡ ಹಾಕಿ ಕಲಕುತ್ತಿದ್ದ. ಸುಟ್ಟ ಸಕ್ಕರೆಯ ಘಮ.

"ಪಕ್ಕದ ಮನೆಯವ್ರು ಬೇಗನೇ ಎದ್ದು ಹೋಗಿದ್ರು ಅನ್ಸುತ್ತೆ. ಅಮ್ಮ ಗೇಟಿನ ಹತ್ರ ಬರಿಗಾಲಲ್ಲಿ ನಡುಗ್ತಾ ನಿಂತಿದ್ರು. ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ," ಎನ್ನುತ್ತ ನೀರು ಸುರಿದ. ಚುರ್‍ರೆಂದಿತು.

ಕಂಬಳಿ ಹೊದ್ದು ಕೂತಿದ್ದ ತಾಯಿ ಅರಳಿದ ಮುಖದಿಂದ ಡೆರ್ಲಿಸ್‌ನತ್ತ ಬೆರಳು ತೋರಿ ಹೇಳಿದಳು. "ನೋಡೇ, ನನ್ನ ಗಂಡ ಬ್ಯೂನಸ್ ಐರಿಸ್‌ನಿಂದ ಬಂದ್ರು! ಬರ್ತಾರೆ ಅಂತ ಆ ಹಾಲಿನ ಹುಡುಗನಿಗೆ ಆಗ್ಲೇ ಹೇಳಿದ್ದೆ."

ಡೆರ್ಲಿಸ್ ಕಲಕುವುದನ್ನು ಬಿಟ್ಟು ನಿಮಿಯಾಳತ್ತ ತಿರುಗಿದ. "ಅಂದ್ರೆ... ಅಲ್ಲಿಂದ ಬರೋದು ನಿಮ್ಮ ಗಂಡ ಅಲ್ವಾ? 'ಗಂಡ ಬರ್ತಾನೆ, ನೀನು ಒಳಗೆ ಬರ್ಬೇಡ' ಅಂದಿದ್ರು ಅಮ್ಮ."

"ನನಗೆಲ್ಲಿಯ ಗಂಡ? ಅಪ್ಪ ಅಲ್ಲಿಗೆ ಕೆಲಸಕ್ಕೆ ಹೋದವ್ರು ಅಲ್ಲೇ ತೀರ್ಕೊಂಡ್ರು. ಅಮ್ಮ ಇನ್ನೂ ಕಾಯ್ತಾನೇ ಇದ್ದಾಳೆ." ನಿಮಿಯಾ ಗೋಡೆಗೊರಗಿ ಕುಳಿತಳು. "ನನ್ನನ್ನೇ ಕೇಳ್ಬಹುದಿತ್ತಲ್ಲ!"

"ಹೌದು ಅಂದುಬಿಟ್ರೆ ಅಂತ ಭಯ ಆಯ್ತು."

ಕೊಸಿದೊ ಸೋಸಿ, ಬಿಸಿ ಹಾಲು ಬೆರೆಸಿ, ಮೊದಲ ಲೋಟ ತಾಯಿಗೆ ಕುಡಿಸಿದ. ಎರಡನೆಯದನ್ನು ನಿಮಿಯಾಳ ಕೈಗಿಟ್ಟ. ಚೆಲ್ಲದಂತೆ ತಾನೂ ಲೋಟ ಹಿಡಿದುಕೊಂಡು ಪಕ್ಕದಲ್ಲಿ ಕುಳಿತ.

"ನಾನು ತುಂಬಾ ಸುಸ್ತಾಗಿದ್ದೀನಿ ಡೆರ್ಲಿಸ್. ಪ್ರೀತಿ ಮಾಡೋಕೂ ಶಕ್ತಿ ಇದೆಯೋ ಇಲ್ವೋ..."

"ಸದ್ಯಕ್ಕೆ ಅದನ್ನ ನಾನು ಮಾಡ್ತೀನಿ. ನೀನು ಕುಡಿ."

ಲೋಟ ಖಾಲಿಯಾಗುವಷ್ಟರಲ್ಲಿ ಅವಳ ತಲೆ ಅವನ ಭುಜದ ಮೇಲಿತ್ತು. ರೆಪ್ಪೆಗಳು ತಾವಾಗಿಯೇ ಮುಚ್ಚಿದವು.

"ಎದ್ದಾಗ ಇರ್ತೀಯಾ?"

"ಇರ್ತೀನಿ ಕಣೆ."