ಸಹಿ ಯಾರದು, ಮಾತು ಯಾರದು?

“ನನ್ನನ್ನ ಮದ್ವೆ ಆಯ್ತೀರಾ ಅಂತ ಕೇಳಿದ್ದು ನೀವಾ, ನಿಮ್ಮ ಏಜೆಂಟಾ?”

ಚಾಮರಾಜನಗರದ ಅರಿಸಿನ ಮಂಡಿಗೆ ಕಾಲಿಟ್ಟ ಮಂಗಳಗೌರಿಯ ಮೊದಲ ಮಾತೇ ಇದು. ಮಂಡಿಯ ಮಾಲೀಕ ಶಿವಶಂಕರನನ್ನು ಅವಳು ಎದುರಿಗೆ ನೋಡಿದ್ದೂ ಅದೇ ಮೊದಲು.

ಅವನು ಪೆಚ್ಚಾದ. ಮೂಟೆ ಹೊಲಿಯುತ್ತಿದ್ದ ಮುದುಕ ಮೂಗಯ್ಯ ತಲೆ ಎತ್ತಿದ.

“ಮದ್ವೆಗೂ ಏಜೆಂಟಾ ಬುದ್ದಿ? ಕಮಿಷನ್ ಎಷ್ಟು?”

ಮೂಗಯ್ಯನಿಗೆ ಏಜೆಂಟ್ ಎಂದರೆ ದಲ್ಲಾಳಿ. ಇದೂ ದಲ್ಲಾಳಿಯೇ, ಮೈಯಿಲ್ಲ ಅಷ್ಟೆ, ಬರೀ ಸಾಫ್ಟ್‌ವೇರ್.

ಗೌರಿ ತೆರಕಣಾಂಬಿಯ ರೈತರ ಸಂಘದ ಅರಿಸಿನ ಮಾರುವವಳು. ಸಂಘಕ್ಕೊಂದು ಏಜೆಂಟ್, ಮಂಡಿಗೊಂದು. ಅವೆರಡೇ ದರ ಮಾತಾಡಿ ಹಣ ದಾಟಿಸುತ್ತಿದ್ದವು. ಪ್ರತಿ ಸಂದೇಶದ ಸಹಿಯೂ ಬ್ಲಾಕ್‌ಚೈನಿನಲ್ಲಿ, ಅಂದರೆ ವ್ಯಾಪಾರದವರೆಲ್ಲ ನೋಡಬಹುದಾದ ಡಿಜಿಟಲ್ ಖಾತೆಯಲ್ಲಿ, ಉಳಿಯುತ್ತಿತ್ತು. ಅಳಿಸಲು ಯಾರಿಂದಲೂ ಆಗದು. ಏಜೆಂಟಿಗೆ ಬೇರೆ ಸಹಿ, ಮಾಲೀಕನಿಗೆ ಬೇರೆ.

ಆರು ತಿಂಗಳಿಂದ ದಿನವೂ ಬರುತ್ತಿದ್ದ “ಊಟ ಆಯ್ತಾ?” ಎಂಬ ಸಂದೇಶಕ್ಕೆ ಮಾಲೀಕನ ಸಹಿ ಇತ್ತು. ಗೌರಿ ಅದನ್ನು ನಂಬಿ ಮನೆಯ ಕಷ್ಟವನ್ನೆಲ್ಲ ತೋಡಿಕೊಂಡಿದ್ದಳು. ಮೊನ್ನೆ ಅದೇ ಸಹಿಯಲ್ಲಿ ಮದುವೆಯ ಪ್ರಶ್ನೆ ಬಂತು.

ಹೂಂ ಎನ್ನುವ ಮೊದಲು, ಸುಮ್ಮನೆ ಖುಷಿಗೆ, ಹಳೆಯ ದಾಖಲೆ ತೆರೆದಳು. ಒಂದೇ ಸಹಿಯ “ಊಟ ಆಯ್ತಾ?”, ಒಂದೇ ನಿಮಿಷದಲ್ಲಿ, ತನ್ನನ್ನೂ ಸೇರಿಸಿ ಹದಿನಾಲ್ಕು ಮಂದಿಗೆ ಹೋಗಿತ್ತು... ಅದರಲ್ಲಿ ಸಂತೆಮರಹಳ್ಳಿಯ ಹಿರಿಯ ರೈತ ಚಿಕ್ಕಮಲ್ಲಪ್ಪನೂ ಒಬ್ಬ. ಫೋನ್ ಮಾಡಿ ವಿಚಾರಿಸಿದಳು.

“ನಂಗೂ ದಿನಾ ಊಟ ಕೇಳ್ತಾನೆ ಕಣವ್ವ. ಬಂಗಾರದಂಥಾ ಹುಡ್ಗ,” ಎಂದಿದ್ದ ಮುದುಕ.

ಗೌರಿಗೆ ಹೇಸಿಗೆಯಾಗಿತ್ತು. ಹದಿಮೂರು ಜನ ಚೀಪಿದ ಚಮಚವನ್ನು ತಾನೂ ಬಾಯಿಗಿಟ್ಟುಕೊಂಡ ಹಾಗೆ. ಛೀ... ನಾನು ಅತ್ತಿದ್ದು ಯಾರ ಮುಂದೆ?

ಶಿವಶಂಕರ ಸುಳ್ಳು ಹೇಳಲಿಲ್ಲ. ದಿನವೂ ಫೋನು ಹಿಡಿಯಲು ಸೋಮಾರಿತನವಾಗಿ, ತನ್ನ ಸಹಿ ಹಾಕುವ ಡಿಜಿಟಲ್ ಕೀಲಿಯನ್ನೂ ಏಜೆಂಟಿಗೇ ಕೊಟ್ಟಿದ್ದನಂತೆ. ಊಟ ಕೇಳಿದ್ದು ಅದು. ಮದುವೆ ಕೇಳಿದ್ದು ತಾನು.

“ಸಾಕ್ಷಿ?”

“ಇಲ್ಲ. ಎರಡಕ್ಕೂ ಒಂದೇ ಸಹಿ. ನೀವು ಬರ್ದಿದ್ದನ್ನ ಮಾತ್ರ ನಾನೇ ಓದ್ತಿದ್ದೆ. ಉತ್ರ ಬರ್ಯಕ್ಕೆ ಎದ್ರಿಕೆ. ಅದು ನನಗಿಂತ ಚೆಂದಾಗಿ ಮಾತಾಡ್ತಿತ್ತು.”

“ಅದನ್ನೇ ಮದ್ವೆ ಆಗ್ಬೇಕಿತ್ತು ಹಂಗಾದ್ರೆ.”

ಅವನು ಫೋನು ತೆಗೆದು, ಅವಳ ಕಣ್ಣೆದುರೇ ಆ ಕೀಲಿಯನ್ನು ರದ್ದು ಮಾಡಿದ. ಮಾಲೀಕನ ಕೀಲಿ ಇಲ್ಲದೆ ಏಜೆಂಟಿನ ಸಹಿಯೂ ನಡೆಯದು; ಆ ಕ್ಷಣದಿಂದ ಅವನ ಏಜೆಂಟ್ ಯಾರಿಗೂ ಗುರುತಿಲ್ಲದ ಅಪರಿಚಿತ. ಹೊರಗೆ ಮೂರು ಲಾರಿಗಳ ವ್ಯಾಪಾರ ನಿಂತಿತು, ಡ್ರೈವರುಗಳು ಬಯ್ಯತೊಡಗಿದರು. ಹೊಸ ಗುರುತು ಸಿಗಲು ವಾರವಾದರೂ ಬೇಕು.

ಅವನು ಹಣೆಯ ಬೆವರು ಒರೆಸಿಕೊಂಡ. ಅರಿಸಿನದ ಕೈ, ಹಣೆಯೆಲ್ಲ ಹಳದಿಯಾಯಿತು.

“ಗೌರಿಯವ್ರೇ... ನನ್ನ... ನನ್ನ ಮದ್ವೆ ಆಯ್ತೀರಾ?”

ಇಷ್ಟು ಕೆಟ್ಟದಾಗಿ ಯಾವ ಯಂತ್ರವೂ ಕೇಳಲಾರದು ಎನ್ನಿಸಿತು ಅವಳಿಗೆ. ಕಣ್ಣು ತುಂಬಿತು, ಸಿಟ್ಟೂ ಬಂತು.

“ನಂಗಿನ್ನೂ ಹೇಸಿಗೆ ಹೋಗಿಲ್ಲ.”

“ಇರ್ಲಿ. ಅದು ಓಗೋವರ್ಗೂ ನಾನೇ ಬಂದು ಕೇಳ್ತೀನಿ.”

“ನಾಳೆ ತೆರಕಣಾಂಬಿಗೆ ಬನ್ನಿ. ಅಪ್ಪನ ಮುಂದೆ ಕೇಳಿ,” ಎಂದಳು ಗೌರಿ. “ತೊದಲಿದ್ರೂ ಪರ್ವಾಗಿಲ್ಲ.”