ನಾಲ್ಕು ಮುಗಿದ ಮೇಲೆ

ಹೊಸ ವರ್ಷದ ಮೊದಲ ಪಾಳಿಗೆ ಮೂಡಗಲ್ಲು ಚಿನ್ನದ ಗಣಿಯ ದೀಪದ ಕೋಣೆಯಲ್ಲಿ ಯಂತ್ರದ ಹಲಗೆ ಬೆಳಗಿತು. ಅದರ ಮೇಲೆ ಒಂದೇ ಅಂಕಿ: ನಾಲ್ಕು. ಈ ವರ್ಷ ಗಣಿಯಲ್ಲಿ ಸಾಯುವವರು ನಾಲ್ಕು ಮಂದಿ. ಯಾರು, ಯಾವಾಗ ಎಂದು ಯಂತ್ರ ಹೇಳುವುದಿಲ್ಲ. ಹೇಳಿದ ಲೆಕ್ಕ ಮಾತ್ರ ಆರು ವರ್ಷಗಳಿಂದ ತಪ್ಪಿರಲಿಲ್ಲ.

ಕಿಟಕಿಯೊಳಗೆ ಕೂತು ಒಬ್ಬೊಬ್ಬರಿಗೂ ತಲೆದೀಪ ಎತ್ತಿಕೊಡುತ್ತಿದ್ದ ಹುಲಿಗೆವ್ವ ಅಂಕಿಯನ್ನು ನೋಡಿದಳು, ಆಮೇಲೆ ಸಾಲಿನಲ್ಲಿ ನಿಂತ ಮಗಳನ್ನು ನೋಡಿದಳು. ಶರಣವ್ವ ಕೆಳಗೆ ಕಲ್ಲು ಕೊರೆಯುವವಳು. ತಾಯಿಗೆ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಯಂತ್ರ ಮಾಡಿದ ಡಾಕ್ಟರ್ ವಾರಿಜಾ ಇನಾಮದಾರರು ಹಿಂದೊಮ್ಮೆ ಎಲ್ಲರನ್ನೂ ಕೂಡಿಸಿ ವಿವರಿಸಿದ್ದರು. ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಕೆಲವರು ದೇಶದ ಲೆಕ್ಕಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ ಬೆರಗಾದರಂತೆ. ನೇಣು ಹಾಕಿಕೊಳ್ಳುವವರು, ಕೊಲೆ ಮಾಡುವವರು, ವಿಳಾಸ ಬರೆಯದೆ ಕಾಗದವನ್ನು ಅಂಚೆಗೆ ಹಾಕುವ ಮರೆಗುಳಿಗಳು ಕೂಡ ವರ್ಷಾವರ್ಷ ಹೆಚ್ಚೂಕಡಿಮೆ ಅಷ್ಟೇ ಮಂದಿ! ಒಬ್ಬೊಬ್ಬನೂ ತನ್ನ ಮನಸ್ಸಿನಂತೆ ಮಾಡುತ್ತಾನೆ, ಒಟ್ಟು ಮಾತ್ರ ಕದಲುವುದಿಲ್ಲ. ಅವರು ಎಲ್ಲರನ್ನೂ ಕೂಡಿಸಿ ಭಾಗಿಸಿ 'ಸರಾಸರಿ ಮನುಷ್ಯ' ಎಂಬೊಬ್ಬನನ್ನು ಕಟ್ಟಿದರು. ಅಂಥವನು ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿದವನಲ್ಲ. ವಾರಿಜಾರ ಯಂತ್ರ ಆ ಲೆಕ್ಕಕ್ಕೆ ಬಂಡೆಯ ಸದ್ದು, ಜನರ ಉಸಿರು, ಕೆಲಸದ ವೇಗ ಎಲ್ಲವನ್ನೂ ಸೇರಿಸಿಕೊಂಡಿತ್ತು.

ಶ್ರಾವಣದಲ್ಲಿ ನಾಲ್ಕನೆಯವನು ಸತ್ತ, ಅದಿರಿನ ತೊಟ್ಟಿಬಂಡಿ ತಳ್ಳುವ ಮೌನೇಶ. ಸಂಜೆ ಇಡೀ ಕಾಲೊನಿ ಅವನ ಮನೆಗೆ ರೊಟ್ಟಿ ಹೊತ್ತು ಹೋಯಿತು. ಅದಕ್ಕೆ 'ಕಡೇಮನಿ ರೊಟ್ಟಿ' ಎನ್ನುತ್ತಿದ್ದರು. ಯಂತ್ರ ಬಂದ ಮೇಲೆ ಹುಟ್ಟಿದ ಪದ್ಧತಿ. ವರ್ಷದ ಕೊನೆಯ ಸಾವು ಮಿಕ್ಕವರನ್ನು ಉಳಿಸಿತು ಎಂಬ ಋಣಕ್ಕೆ. ಹುಲಿಗೆವ್ವನೂ ಬುಟ್ಟಿ ಹೊತ್ತಿದ್ದಳು. ಮೌನೇಶನ ಹೆಂಡತಿಯ ಅಳು ಕಿವಿಗೆ ಬೀಳುತ್ತಿರುವಾಗಲೇ ಅವಳ ಎದೆ ಹಗುರಾಯಿತು. ಹಗುರಾದದ್ದು ಅವಳಿಗೆ ಗೊತ್ತೂ ಆಯಿತು.

ಮರುದಿನ ಸಲಾಕೆಗಳು ಗೋಡೆಗೆ ಒರಗಿದಲ್ಲೇ ಉಳಿದವು. ಕೆಳಗಿಳಿದವರು ಆ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡಬೇಕು; ಪೊಳ್ಳು ಸದ್ದು ಬಂದರೆ ಹಿಂದೆ ಸರಿಯಬೇಕು.

"ಸಲಾಕಿ ಒಯ್ಯಿ, ಶರಣಿ."

"ನಾಕೂ ಮುಗದಾವಲ್ಲಬೇ! ಇನ್ನ ಕಲ್ಲು ಬಿದ್ರೂ ಹೂ ಬಿದ್ದಂಗ." ಮಗಳು ನಕ್ಕಳು. ಸಾಲೂ ನಕ್ಕಿತು.

ಯಂತ್ರದ ತಪಾಸಣೆಗೆ ವಾರಿಜಾ ಅಂದೇ ಬಂದಿದ್ದರು. ಹುಲಿಗೆವ್ವ ಕಿಟಕಿ ಬಿಟ್ಟೆದ್ದು ಹೋದಳು.

"ಅಕ್ಕಾರ, ನಾಕಾದ ಮ್ಯಾಲೆ ಐದನೇದು ಆಗಂಗೇ ಇಲ್ಲೇನ್ರಿ?"

"ಆಗಬಹುದು ಹುಲಿಗೆವ್ವ. ಅದು ಸರಾಸರಿ. ಬಂಡೆಗೆ ಲೆಕ್ಕ ಗೊತ್ತಿರೋದಿಲ್ಲ."

"ಹಂಗಾರ ಇವರಿಗೆ ಹೇಳ್ರಿ."

ವಾರಿಜಾ ಹಲಗೆಯ ಕೆಳಗೆ ನಿಂತು ಅದನ್ನೇ ಸಾಲಿಗೆ ಹೇಳಿದರು. "ಆರು ವರ್ಷ ತಪ್ಪದ್ದು ಈಗ್ಯಾಕ ತಪ್ಪತೈತ್ರಿ ಮೇಡಂ? ಹೆತ್ತಾಕಿಗೇ ಕೂಸಿನ ಮ್ಯಾಲೆ ನಂಬಿಕಿ ಇಲ್ಲಂದ್ರ ಹ್ಯಾಂಗ?" ಎಂದು ಸಾಲಿನಿಂದ ಯಾರೋ ಕೂಗಿದರು. ಜನರನ್ನು ಗಣಿಯೊಳಕ್ಕೆ ಇಳಿಸುವ ಪಂಜರದ ಗಂಟೆ ಹೊಡೆಯಿತು. ಶರಣವ್ವ ಬರಿಗೈಯಲ್ಲಿ ಇಳಿದಳು.

ಮಧ್ಯಾಹ್ನ ಅವಳನ್ನು ಕಂಬಳಿಯಲ್ಲಿ ಸುತ್ತಿ ಮೇಲೆ ತಂದರು.

ಯಾರ ಮನೆಯ ರೊಟ್ಟಿಯೂ ಬರಲಿಲ್ಲ. ಆ ವರ್ಷದ ಕಡೇಮನಿ ಆಗಲೇ ಮುಗಿದಿತ್ತು; ಐದನೆಯ ಸಾವು ಯಾರನ್ನೂ ಉಳಿಸಿರಲಿಲ್ಲ. ಮೌನೇಶನ ಹೆಂಡತಿ ಮಾತ್ರ ಬಂದು, ಕೂತು, ಎದ್ದು ಹೋದಳು.

ಮತ್ತೆ ಹೊಸ ವರ್ಷ ಬಂತು. ಹಲಗೆ ಬೆಳಗಿತು: ನಾಲ್ಕು.

"ನನ್ನ ಮಗಳನ್ನ ಕೂಡಸಲಿಲ್ಲೇನ್ರಿ ಅಕ್ಕಾರ?"

"ಕೂಡಿಸಿದೀನಿ." ಯಂತ್ರದ ಬಳಿ ಕೂತಿದ್ದ ವಾರಿಜಾ ಮುಖ ಎತ್ತಲಿಲ್ಲ. "ಗಣಿಯ ನಲವತ್ತು ವರ್ಷದ ಲೆಕ್ಕದಲ್ಲಿ ಒಂದು ಜೀವ ಅಂಕಿಯನ್ನ ಕದಲಿಸೋದಿಲ್ಲ."

"ಅಂಕಿ ಇಳಸೂದು ಹ್ಯಾಂಗಂತ ನಿಮ್ಮ ಯಂತ್ರ ಹೇಳಂಗಿಲ್ಲೇನು?"

"ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲ."

ಕೇಳದಿರುವ ಈ ಅಭ್ಯಾಸ ಯಂತ್ರಕ್ಕಿಂತ ಹಳೆಯದು. ಅಂಥ ಯಂತ್ರ ಇನ್ನೂ ಹುಟ್ಟದ ನಮ್ಮ ಕಾಲದಲ್ಲೂ, ರಸ್ತೆಯಲ್ಲಿ ಸತ್ತವರು ಹೋದ ವರ್ಷದಷ್ಟೇ ಎಂದು ಓದಿ ಪುಟ ಮಗುಚಿದವರು ನಾವೇ.

ಹೊರಗೆ ಸಾಲು ಹೊರಟಿತು. ನಾಲ್ಕೂ ಇನ್ನೂ ಬಾಕಿ; ಮುಂದಿನವರೆಲ್ಲರ ಕೈಯಲ್ಲೂ ಸಲಾಕೆ. ಕೊನೆಯಲ್ಲಿದ್ದ ಹುಡುಗನಿಗೆ ಹುಲಿಗೆವ್ವ ಸಲಾಕೆ ಎತ್ತಿಕೊಡುತ್ತ, "ನಾಕಾದ ಮ್ಯಾಲೂ ಒಯ್ಯಬೇಕಪಾ" ಎಂದಳು.

"ಆವಾಗ ಯಾಕಬೇ? ಶರಣಕ್ಕಂದು ಲೆಕ್ಕದ ಹೊರಗಿಂದು."

ಅವನು ಸಲಾಕೆ ಹಿಡಿದೆಳೆದ. ಅವಳು ಬಿಡಲಿಲ್ಲ. ಪಂಜರದ ಗಂಟೆ ಹೊಡೆಯುವವರೆಗೂ ಅದು ಇಬ್ಬರ ಕೈಯಲ್ಲೂ ಹಾಗೇ ಇತ್ತು.