ಗುಡ್ಡದ ಮೇಲಿನ ಕೊಕ್ಕರೆ

ಎರಡು ಸಾವಿರದ ಎಂಟನೆಯ ಇಸವಿಯ ಜೂನ್ ತಿಂಗಳಲ್ಲಿ ರಾಣೆಬೆನ್ನೂರಿನಲ್ಲಿ ನಡೆದ ಅತಿ ಗಂಭೀರ ಘಟನೆಯೊಂದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಶೇಖಪ್ಪನವರ ಬೀಜದ ಅಂಗಡಿಯ ಕಂಪ್ಯೂಟರಿನಿಂದ ಹಸಿರು ಗುಡ್ಡ ಕಾಣೆಯಾಗಿತ್ತು.

ಮೂರು ವರ್ಷ ಅಲ್ಲಾಡದೆ ಪರದೆಯ ಮೇಲಿದ್ದ ವಿಂಡೋಸಿನ ಗುಡ್ಡ! ಈಗ ಅಲ್ಲಿ ಕಂದು ಬಣ್ಣದ ಕೊಕ್ಕರೆಯೊಂದು ಕೂತಿತ್ತು. ಕೊಕ್ಕರೆಯ ಮುಂದೆ, ಕುರ್ಚಿಯಲ್ಲಿ, ಗುರುತಿಲ್ಲದ ಗಂಡಸೊಬ್ಬ.

"ಏ... ಯಾರ್ರಿ ನೀವು? ನಮ್ಮ ಗುಡ್ಡ ಎಲ್ಲಿ?"

ಶೇಖಪ್ಪನವರ ಮಗಳು ಸುರೇಖಾ ಕೇಳಿದ ರೀತಿಗೆ ಅವನು ಎದ್ದೇ ನಿಂತ.

"ನಾ ಕೊಟ್ರೇಶ ರಿ, ಬ್ಯಾಡಗಿಯಾಂವ. ಬೀಜದ ಚೀಟಿ ಕನ್ನಡದಾಗ ಬರಬೇಕಂತ ನಿಮ್ಮ ಅಪ್ಪಾರ ಕರಸ್ಯಾರ."

"ಅದಕ್ಕ ಇದ್ದದ್ದೆಲ್ಲಾ ಅಳಿಸಿ ಕೂಡೋದೇನು?!"

ಅವನು ಒಂದು ಕೀಲಿ ಒತ್ತಿದ. ಗುಡ್ಡ ಬಂತು! ಕೊಕ್ಕರೆ ಸಣ್ಣ ಚೌಕಟ್ಟಿನೊಳಗೆ ಸೇರಿ ಗುಡ್ಡದ ಮೇಲೆ ಕೂತಿತು.

"ಏನೂ ಅಳಿಸಿಲ್ರಿ. ಇದು ಕಂಪ್ಯೂಟರಿನ ಒಳಗ ಇನ್ನೊಂದು ಸುಳ್ಳ ಕಂಪ್ಯೂಟರ್. ವರ್ಚುವಲ್ ಮಷೀನ್ ಅಂತಾರ. ವಿಂಡೋಸ್ ಬಿಟ್ಟು ಬ್ಯಾರೆ ಬ್ಯಾರೆ ಸಿಸ್ಟಮ್ ಇದರಾಗ ಹಾಕಿ ನೋಡೋದು. ಒಗ್ಗಿದ್ರ ಇಟ್ಕೊಳ್ಳೋದು, ಇಲ್ಲಂದ್ರ ತಗಿಯೋದು. ಹೊರಗಿನದಕ್ಕ ಏನೂ ಆಗಂಗಿಲ್ಲ."

ಸುರೇಖಾ ಒಂದು ಕ್ಷಣ ಯೋಚಿಸಿದಳು. "ಹಂಗಾರ... ಹೊಲಕ್ಕ ಬಿತ್ತೂಕಿಂತ ಮದ್ಲ ಹತ್ತು ಕಾಳು ಹಸೀ ಗೋಣಿಯಾಗ ಕಟ್ಟಿ ಮೊಳಕಿ ನೋಡತೇವಲ್ಲ, ಹಂಗ?"

ಕೊಟ್ರೇಶ ಅವಳನ್ನೇ ನೋಡಿದ. ಇದನ್ನು ಹಾವೇರಿ ಜಿಲ್ಲೆಗೆ ತಿಳಿಸಿ ಹೇಳಲು ಅವನು ಒಂದು ವರ್ಷದಿಂದ ಒದ್ದಾಡುತ್ತಿದ್ದ.

"ಹಂಗ ರಿ... ಥೇಟ್ ಹಂಗ!"

ನಾಲ್ಕು ದಿನದ ಕೆಲಸಕ್ಕೆ ಅವನು ಹತ್ತು ದಿನ ಬಂದ. ಎರಡು ಮೂರು ದಿನಕ್ಕೊಂದು ಹೊಸ ಸಿಸ್ಟಮ್ ಹಾಕುತ್ತಿದ್ದ, 'ರಾಣೆಬೆನ್ನೂರು' ಎಂದು ಟೈಪಿಸುತ್ತಿದ್ದ, ಅವಳು ಬಗ್ಗಿ ನೋಡುತ್ತಿದ್ದಳು.

"ಒತ್ತಕ್ಷರ ಬಿದ್ದಾವ. ಊರ ಒಡದೈತಿ ನೋಡ್ರಿ!"

"ನಾಳೆ ಕೂಡಸೂಣ್ರಿ."

ಆ 'ನಾಳೆ'ಗಾಗಿ ಸುರೇಖಾ ಕಾಯತೊಡಗಿದ್ದಳು. ಅವಳನ್ನು ನೋಡಿ ಹೋಗಿದ್ದ ಹಾವೇರಿಯ ವರನ ಕಡೆಯವರಿಗೆ ಗುರುವಾರದೊಳಗೆ ಹೂಂ ಎನ್ನಬೇಕಿತ್ತು. 'ಈ ಕೊಟ್ರೇಶ ಒಂದು ಮಾತು ಆಡಬಾರದ...?'

ಸೋಮವಾರ ಅವನು ಆಡಿದ. ಆದರೆ ಮೊಬೈಲಿನಲ್ಲಿ, ಗೆಳೆಯ ಸುದೀಪನ ಜೊತೆ.

"ಶೀಲಾ ನೋಡಿದೆ ಲೇ. ಚಂದ ಐತಿ, ಆದ್ರ ಭಾಳ ಜಡ, ಏಳಾಕ ಹತ್ತು ಮಿನಿಟು! ಸ್ನೇಹಾಗ ಕನ್ನಡ ಬರಂಗಿಲ್ಲ. ರೇಣುಕಾನ್ನ ನಿನ್ನೆ ಬಿಟ್ಟೆ... ಒಗ್ಗಲಿಲ್ಲಂದ್ರ ಬಿಡೋದು, ಯಾರಿಗೇನು ನಷ್ಟ?"

ಬಾಗಿಲಲ್ಲಿ ಸುರೇಖಾ ಕಲ್ಲಾದಳು. ನಮ್ಮ ಕಡೆ ಹುಡುಗಿಯರನ್ನೂ 'ಐತಿ', 'ಬಂತು' ಎಂದೇ ಕರೆಯುವ ರೂಢಿ. ಹೀಗಾಗಿ ವ್ಯಾಕರಣವೂ ಅವಳ ನೆರವಿಗೆ ಬರಲಿಲ್ಲ.

"ಎಷ್ಟು ನೋಡೀರಿ ಇಲ್ಲೀತನ?" ಅವಳು ಒಳಗೆ ಬಂದು ಕೇಳಿದಳು.

"ನಾಕು ರಿ," ಎಂದ ಪ್ರಾಮಾಣಿಕ.

"ನಾಕು! ನಾಚಿಕಿ ಇಲ್ಲ?"

"ನಾಚಿಕಿ ಯಾಕ್ರಿ? ಪುಕ್ಕಟೆ ಸಿಗತಾವ, ನೋಡಿದ್ರ ತಪ್ಪೇನು?"

"ನಾಳೆಯಿಂದ ಬರಬ್ಯಾಡ್ರಿ."

ಅವನು ಏನೋ ಕೇಳಬಂದ. ಅವಳ ಕಣ್ಣು ನೋಡಿ ಚೀಲ ಹೆಗಲಿಗೇರಿಸಿಕೊಂಡು ಹೋದ.

'ನಾನೂ ಒಂದು ಗೋಣಿಯಾಗಿನ ಕಾಳು...' ಎಂದುಕೊಂಡು ಅವಳು ಎರಡು ದಿನ ಪರದೆಯತ್ತ ನೋಡಲಿಲ್ಲ. ಹಾವೇರಿಗೆ ಹೂಂ ಅನ್ನುವುದೆಂದು ನಿರ್ಧರಿಸಿದಳು.

ಬುಧವಾರ ಹಲಗೇರಿಯ ಬೀರವ್ವ ಅಂಗಡಿಗೆ ಬಂದಳು.

"ಯವ್ವಾ, ಸ್ನೇಹಾ ಮೆಣಸಿನಕಾಯಿ ಒಲ್ಲೆ, ಹ್ವಾದ ವರ್ಸ ಕೈ ಕೊಟ್ಟೈತಿ. ಶೀಲಾ ಬದನಿ ಕೊಡು. ಜಡ ಐತಿ ಖರೇ, ಏಳಾಕ ಹೊತ್ತು ಹಿಡಿತೈತಿ..."

ಸುರೇಖಾಳ ಕೈ ನಿಂತಿತು. ನಿಧಾನಕ್ಕೆ ತಿರುಗಿದಳು. ಬೆನ್ನ ಹಿಂದಿನ ಕಪಾಟಿನಲ್ಲಿ ಬೀಜದ ಪೊಟ್ಟಣಗಳು ಸಾಲಾಗಿದ್ದವು. ಶೀಲಾ. ಸ್ನೇಹಾ. ರೇಣುಕಾ. ದಿನಕ್ಕೆ ನೂರು ಸಲ ತಾನೇ ಕೂಗುವ ಹೆಸರುಗಳು!

"ಎಂಥಾ ಹುಚ್ಚಿ ಬೀರವ್ವಾ ನಾನು!"

"ಅದಿರಲಿ, ಶೀಲಾ ಕೊಡು."

ಬೀರವ್ವ ಹೋದದ್ದೇ ಅವಳು ಕಂಪ್ಯೂಟರ್ ಹಚ್ಚಿದಳು. ಸುಳ್ಳು ಕಂಪ್ಯೂಟರುಗಳ ಪಟ್ಟಿಯಲ್ಲಿ, ಪೊಟ್ಟಣ ನೋಡಿ ಅವನಿಟ್ಟ ಅದೇ ಮೂರು ಹೆಸರು. ಎಲ್ಲಕ್ಕಿಂತ ಮೇಲೆ, ಮೊದಲ ದಿನದ ಕೊಕ್ಕರೆ. ಅದರ ಹೆಸರು...

ಅವಳು ಎರಡು ಸಲ ಓದಿದಳು. ಫೋನ್ ಎತ್ತಿಕೊಂಡಳು.

"ಸಿಸ್ಟಮ್ ಕೆಟ್ಟೈತಿ. ಲಗೂ ಬರ್ರಿ."

ಬ್ಯಾಡಗಿಯ ಬಸ್ಸು ತನ್ನ ವೇಗದಲ್ಲೇ ಬಂತು. ಕೊಟ್ರೇಶ ಒಳಗೆ ಕಾಲಿಟ್ಟೊಡನೆ ಅವಳು ಪರದೆಯತ್ತ ಬೆರಳು ಮಾಡಿದಳು.

"ನಮ್ಮ ಅಂಗಡ್ಯಾಗ ಸುರೇಖಾ ಅನ್ನೋ ಬೀಜ ಇಲ್ಲ."

"ಗೊತ್ತೈತ್ರಿ. ಕಪಾಟು ಎರಡು ಸಲ ನೋಡೇನಿ."

"ನಾ ಏನೇನೋ ತಿಳಕೊಂಡಿದ್ದೆ... ನೀವು ಹೆಣ್ಣ ನೋಡಾಕತ್ತೀರಿ ಅಂತ."

ಕೊಟ್ರೇಶ ತನ್ನ ಮಾತನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ತಿರುಗಿಸಿದ. 'ಪುಕ್ಕಟೆ'ಯ ಹತ್ತಿರ ಬಂದಾಗ ಹಣೆ ಬಡಿದುಕೊಂಡ.

"ಇದರಾಗ ಕನ್ನಡ ಎಂದ ಬಂತು?" ಅವಳು ಮೆಲ್ಲಗೆ ಕೇಳಿದಳು.

"ಮೊದಲನೇ ದಿನಾನ ರಿ."

"ಮತ್ತ ಉಳದ ಮೂರು ಯಾಕ ಹಾಕಿದ್ರಿ?"

"ಹಾಕದಿದ್ರ... ದಿನಾ ಇಲ್ಲಿ ಬರಾಕ ನೆವ ಏನಿತ್ರಿ?"

ಸುರೇಖಾ ತಲೆ ತಗ್ಗಿಸಿದಳು. ಕಣ್ಣು ತುಂಬಿತ್ತು, ನಗೆಯೂ ಬರುತ್ತಿತ್ತು.

"ಇನ್ನ ನೋಡೋದು ಸಾಕು. ಖರೇ ಕಂಪ್ಯೂಟರಿಗೇ ಹಾಕ್ರಿ."

"ಹಾಕಿದ್ರ ಗುಡ್ಡ ಹೋಗತೈತ್ರಿ. ವಾಪಸ್ ಬರಂಗಿಲ್ಲ."

"ಹೋಗಲಿ... ನೀವು ಹೋಗದಿದ್ರ ಸಾಕು."

ಗುರುವಾರ ಅವಳು ಅಪ್ಪನಿಗೆ ಹಾವೇರಿ ಬೇಡವೆಂದಳು, ಕಾರಣವನ್ನೂ ಹೇಳಿದಳು. ಶೇಖಪ್ಪ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬ್ಯಾಡಗಿಗೆ ಹೋಗಿ ಬಂದರು. ಶ್ರಾವಣದಲ್ಲಿ ಮದುವೆಯಾಯಿತು. ಬೀಜದ ಚೀಟಿ ಕನ್ನಡದಲ್ಲಿ ಬರುತ್ತಿದೆ.